ನಿದ್ದೆಗಣ್ಣಿನ ‘ಹೂಂ’

ನಮ್ಮ ಕಡೆ ಕತೆ ಕೇಳುವವರು ಹೂಂಗುಟ್ಟಬೇಕು. ಕೇಳುವ ಮಗು ಎಚ್ಚರವಿದೆಯೋ ಇಲ್ಲವೋ ಎಂದು ಕತ್ತಲಲ್ಲಿ ತಿಳಿಯಲು ಅಜ್ಜಿಗೆ ಇರುವುದು ಅದೊಂದೇ ಗುರುತು. ಬೇಸಿಗೆಯ ರಾತ್ರಿ ರೋಣದ ಸೀಮೆಯಲ್ಲಿ ಮಾಳಿಗೆ ಮೇಲೆ ಮಲಗಿ ಕತೆ ಕೇಳಿದವರಿಗೆ ಇನ್ನೊಂದು ಸಂಗತಿಯೂ ಗೊತ್ತು. ನಿದ್ದೆ ಹತ್ತಿದ ಮೇಲೂ ಬಾಯಿ ಸ್ವಲ್ಪ ಹೊತ್ತು ಹೂಂ ಅನ್ನುತ್ತಲೇ ಇರುತ್ತದೆ. ಜಾಣ ಅಜ್ಜಿ ನಡುವೆ ಕತೆ ನಿಲ್ಲಿಸಿ ಕೇಳುತ್ತಾಳೆ: ‘ಈಗ ಏನ್ ಹೇಳಿದೆ, ನೀ ಹೇಳು ನೋಡೂನು?’

ವಿಮಾನದ ರೇಡಿಯೊ ಭಾಷೆಯಲ್ಲೂ ಈ ಅಜ್ಜಿಯ ಪ್ರಶ್ನೆ ಇದೆ. ಅದಕ್ಕೆ ರೀಡ್‌ಬ್ಯಾಕ್ ಅನ್ನುತ್ತಾರೆ. ನೆಲದ ಮೇಲಿನ ನಿಯಂತ್ರಕ ಕೊಟ್ಟ ಎತ್ತರ, ದಿಕ್ಕು, ಅನುಮತಿಗಳನ್ನು ಪೈಲಟ್ ಅಕ್ಷರ ಬಿಡದೆ ತಿರುಗಿ ಒಪ್ಪಿಸಬೇಕು. ಬರೀ ಹೂಂ ಅಂದರೆ ಸಾಲದು. ಹಾಗಿದ್ದೂ ಒಂದು ಮುಂಜಾನೆ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಒಂದು ಹೂಂ ನಡೆದುಹೋಯಿತು. ಅದು 2010ರ ಮೇ 22, ಶನಿವಾರ.

ಗಜೇಂದ್ರಗಡ, ರೋಣ, ನರಗುಂದದ ಕಡೆಯವರಿಗೆ ಮಂಗಳೂರು ದೂರದ ಊರಲ್ಲ. ಮಳೆ ಕೈಕೊಟ್ಟ ವರ್ಷ ಎರಿ ಹೊಲ ಬಿಟ್ಟು ಅಲ್ಲಿ ಗಾರೆ, ಕಲ್ಲು, ರಸ್ತೆ ಕೆಲಸಕ್ಕೆ ಹೋಗುವವರು ಬಹಳ. ಅಲ್ಲಿನವರ ಬಾಯಲ್ಲಿ ನಾವು ‘ಘಟ್ಟದವರು’. ರಾತ್ರಿ ಬಸ್ಸಿನಲ್ಲಿ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಯಾರಾದರೊಬ್ಬರು ಕೂತು ಮಾತಾಡುತ್ತಲೇ ಇರಬೇಕು. ‘ಎರಡು ದಾಟಿದ ಮ್ಯಾಲಿನ ನಿದ್ದಿ ಕೆಟ್ಟದ್ದು’ ಎಂಬುದು ರಾತ್ರಿ ಪಾಳಿಯ ಡ್ರೈವರುಗಳ ಶಾಸ್ತ್ರ. ವಿಮಾನಯಾನದ ವೈದ್ಯರೂ ಅದನ್ನೇ ಹೇಳಿದ್ದಾರೆ. ರಾತ್ರಿ 2ರಿಂದ ಬೆಳಗಿನ 6ರವರೆಗೆ ಮೈಯೊಳಗಿನ ಗಡಿಯಾರ ತಳ ಮುಟ್ಟಿರುತ್ತದೆ. ಹಗಲೆಲ್ಲ ಮಲಗಿ ಎದ್ದು ಬಂದವನನ್ನೂ ಅದು ಬಿಡುವುದಿಲ್ಲ.

ಆ ರಾತ್ರಿಯ ವಿಮಾನ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನದು, ಬೋಯಿಂಗ್ 737-800. ಹಳೆಯದೇನಲ್ಲ, ಬಂದು ಎರಡೂವರೆ ವರ್ಷವೂ ತುಂಬಿರಲಿಲ್ಲ. 21ರ ರಾತ್ರಿ ಮಂಗಳೂರಿನಿಂದ ದುಬೈಗೆ ಹೋಗಿ, ಅದೇ ಇಬ್ಬರು ಪೈಲಟ್‌ಗಳೊಂದಿಗೆ ಅದೇ ರಾತ್ರಿ ತಿರುಗಿ ಹೊರಟಿತು. ದುಬೈಯ ನೆಲ ಬಿಟ್ಟಾಗ ನಮ್ಮ ಗಡಿಯಾರದಲ್ಲಿ 2 ಗಂಟೆ 36 ನಿಮಿಷ. ಬಜ್ಪೆ ತಲುಪಬೇಕಾದದ್ದು ಬೆಳಗು ಹರಿಯುವಾಗ. ಅಂದರೆ ಹೆಚ್ಚೂಕಡಿಮೆ ಇಡೀ ಪಯಣ ಆ ಕೆಟ್ಟ ನಿದ್ದೆಯ ಹೊತ್ತಿನೊಳಗೇ ಇತ್ತು.

ಕ್ಯಾಪ್ಟನ್ ಝ್ಲಾಟ್ಕೊ ಗ್ಲೂಸಿಕಾ ಸರ್ಬಿಯಾ ಮೂಲದವರು, 55ರ ವಯಸ್ಸು, 10,000 ಗಂಟೆ ದಾಟಿದ ಹಾರಾಟ. ಸಹಪೈಲಟ್ ಹರ್ಬಿಂದರ್ ಸಿಂಗ್ ಅಹ್ಲುವಾಲಿಯಾ, 40ರವರು, 3,600 ಗಂಟೆಗೂ ಮಿಕ್ಕಿದ ಅನುಭವ. ಇಬ್ಬರಿಗೂ ಬಜ್ಪೆ ಹೊಸದಲ್ಲ. ಅಹ್ಲುವಾಲಿಯಾ ಅವರಿಗಂತೂ ಮನೆಯಂಗಳದಷ್ಟು ಪರಿಚಯ. ಹಿಂದೆ 160 ಪ್ರಯಾಣಿಕರು, ಅವರಲ್ಲಿ ನಾಲ್ಕು ಕೂಸುಗಳು. ಸಿಬ್ಬಂದಿ ಸೇರಿ 166 ಜನ. ಕಾಸರಗೋಡು, ದಕ್ಷಿಣ ಕನ್ನಡ, ಉಡುಪಿಯ ಮಂದಿಯೇ ಹೆಚ್ಚು. ಕೊಲ್ಲಿಯಲ್ಲಿ ದುಡಿದು ರಜೆಗೆ ಬರುವವರು, ಮದುವೆಗೆ ಬರುವವರು, ಸಾವಿನ ಸುದ್ದಿ ಕೇಳಿ ಬರುವವರು. ಕರಾವಳಿಯವರಿಗೆ ದುಬೈ ಹೇಗೋ ನಮಗೆ ಮಂಗಳೂರು ಹಾಗೆ, ಹೊಟ್ಟೆಪಾಡಿನ ಊರು.

ಬಜ್ಪೆಯ ರನ್‌ವೇ ಎಂಥದೆಂದು ಗಜೇಂದ್ರಗಡದ ಗುಡ್ಡ ಹತ್ತಿ ನಿಂತವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲೆ ಹಾಸಿದಂಥ ಬಯಲು. ಅಂಚಿಗೆ ಬಂದರೆ ಕಾಲ ಕೆಳಗೆ ನೆಲವೇ ಇಲ್ಲ. ಇಂಗ್ಲಿಷಿನವರು ಇದನ್ನು ಟೇಬಲ್‌ಟಾಪ್ ಅನ್ನುತ್ತಾರೆ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ತೆರೆದ ನಿಲ್ದಾಣ ಅದು. ಹಳೆಯ ಪಟ್ಟಿ ಗಿಡ್ಡವಾಯಿತೆಂದು 2006ರ ಮೇ ತಿಂಗಳಲ್ಲಿ 8,033 ಅಡಿಯ ಕಾಂಕ್ರೀಟ್ ರನ್‌ವೇ ಬಂತು, ಅದೇ ಅಕ್ಟೋಬರಿನಲ್ಲಿ ದುಬೈ ವಿಮಾನವೂ ಬಂತು. ಕೆಂಜಾರಿನ ಬದಿಯ ಹೊಸ ಟರ್ಮಿನಲ್ ಉದ್ಘಾಟನೆಯಾದದ್ದು 2010ರ ಮೇ 15ಕ್ಕೆ. ಈ ವಿಮಾನದ ಅಪಘಾತಕ್ಕೆ ಸರಿಯಾಗಿ ಒಂದು ವಾರ ಮೊದಲು.

ಹೊಸ ಕಟ್ಟಡ ಬಂದಿತ್ತು, ಕಣ್ಣು ಹೋಗಿತ್ತು. ಮೇ 20ರಿಂದ ಮಂಗಳೂರಿನ ರಾಡಾರ್ ಕೆಟ್ಟು ಕೂತಿತ್ತು. ಪೈಲಟ್‌ಗಳಿಗೆ ಈ ಬಗ್ಗೆ ಸೂಚನೆ ಹೊರಟಿತ್ತು, ಅದರಲ್ಲಿ ಗುಟ್ಟೇನೂ ಇರಲಿಲ್ಲ. ರಾಡಾರ್ ಇಲ್ಲದಾಗ ನಿಯಂತ್ರಕನಿಗೆ ವಿಮಾನ ಕಾಣುವುದಿಲ್ಲ. ಪೈಲಟ್ ‘ಇಷ್ಟು ದೂರದಲ್ಲಿದ್ದೇನೆ, ಇಷ್ಟು ಎತ್ತರದಲ್ಲಿದ್ದೇನೆ’ ಅಂದದ್ದನ್ನೇ ನಂಬಿ, ವಿಮಾನಗಳ ನಡುವೆ ಹೆಚ್ಚಿನ ಅಂತರ ಬಿಟ್ಟು ದಾರಿ ಕೊಡಬೇಕು. ಕತ್ತಲಲ್ಲಿ ಕತೆ ಹೇಳುವ ಅಜ್ಜಿಯ ಪಾಡು.

ಬೆಳಗಿನ ಐದೂವರೆ ದಾಟಿದಾಗ ವಿಮಾನ ಅರಬ್ಬಿ ಸಮುದ್ರದ ಮೇಲೆ 37,000 ಅಡಿ ಎತ್ತರದಲ್ಲಿತ್ತು. ರೇಡಿಯೊದಲ್ಲಿ ಮಾತಾಡುತ್ತಿದ್ದವರು ಅಹ್ಲುವಾಲಿಯಾ. ಸುಮಾರು 130 ಮೈಲಿ ಇರುವಾಗಲೇ ಕೆಳಗಿಳಿಯಲು ಅನುಮತಿ ಕೇಳಿದರು. (ಇಲ್ಲಿ ಹೇಳುವ ಮೈಲಿಗಳೆಲ್ಲ ನಾಟಿಕಲ್ ಮೈಲಿ.) ಅವರ ಲೆಕ್ಕ ಸರಿಯಿತ್ತು. 1,000 ಅಡಿ ಇಳಿಯಲು 3 ಮೈಲಿ ಬೇಕೆಂಬುದು ಪೈಲಟ್‌ಗಳ ಬೆರಳೆಣಿಕೆಯ ಗಣಿತ. 37,000 ಅಡಿಗೆ 111 ಮೈಲಿ, ವೇಗ ತಗ್ಗಿಸಲು ಇನ್ನಷ್ಟು. ಆದರೆ ಬೇರೆ ವಿಮಾನಗಳ ಅಂತರ ಕಾಯಬೇಕಿದ್ದ ನಿಯಂತ್ರಕರು ಆಗ ಬಿಡಲಿಲ್ಲ. 80 ಮೈಲಿಗೆ ಬಂದು ತಿಳಿಸಿ ಅಂದರು. ಕೊನೆಗೆ ವಿಮಾನ ಇಳಿಯತೊಡಗಿದಾಗ ಉಳಿದಿದ್ದದ್ದು 77 ಮೈಲಿ.

ಈ ಮಾತುಕತೆಯ ಹೊತ್ತಿಗೆ ಕ್ಯಾಪ್ಟನ್ ಎಲ್ಲಿದ್ದರು? ಅವರ ಸೀಟಿನಲ್ಲೇ ಇದ್ದರು. ಕಾಕ್‌ಪಿಟ್‌ನ ಧ್ವನಿಮುದ್ರಿಕೆಯಲ್ಲಿ ಉಳಿದದ್ದು 2 ಗಂಟೆ 5 ನಿಮಿಷದ ಸದ್ದು. ಅದರ ಮೊದಲ 1 ಗಂಟೆ 40 ನಿಮಿಷದಲ್ಲಿ ಇಬ್ಬರ ನಡುವೆ ಮಾತಿಲ್ಲ. ಇದ್ದದ್ದು ಗೊರಕೆ, ಆಳವಾದ ಉಸಿರು. ಸಹಪೈಲಟ್ ಒಬ್ಬರೇ ಆಗಾಗ ನೆಲದವರ ಜತೆ ಮಾತಾಡಿದ್ದು ಕೇಳುತ್ತದೆ. ಆ ಮುದ್ರಿಕೆಯನ್ನು ಮೊದಲ ಸಲ ಕೇಳಿದ ತನಿಖಾಧಿಕಾರಿಗಳಿಗೆ ಹೇಗನ್ನಿಸಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಪಘಾತದ ಕಾರಣ ಹುಡುಕಲು ಕೂತವರಿಗೆ ಮೊದಲು ಕೇಳಿಸಿದ್ದು ಒಬ್ಬ ಮನುಷ್ಯ ಸುಖವಾಗಿ ಮಲಗಿದ ಸದ್ದು.

ಕ್ಯಾಪ್ಟನ್ನರಿಗೆ ವಿರಾಮ ಸಿಕ್ಕಿರಲಿಲ್ಲ ಅನ್ನುವಂತಿಲ್ಲ. ಹಾರಾಟಕ್ಕೆ ಮೊದಲು ಸಾಕಷ್ಟು ವಿಶ್ರಾಂತಿ ಇತ್ತೆಂದೇ ತನಿಖಾ ವರದಿ ಹೇಳುತ್ತದೆ. ದಣಿವೆಂದರೆ ದುಡಿದ ಗಂಟೆಗಳ ಮೊತ್ತ ಎಂದು ತಿಳಿದವರು ಇಲ್ಲಿ ಎಡವುತ್ತಾರೆ. ಹತ್ತಿಪ್ಪತ್ತು ನಿಮಿಷದ ಜೋಂಪು ಮೈ ಹಗುರ ಮಾಡುತ್ತದೆ. ತಾಸುಗಟ್ಟಲೆ ಆಳಕ್ಕಿಳಿದ ನಿದ್ದೆಯಿಂದ ಎಬ್ಬಿಸಿದರೆ ಮನುಷ್ಯ ಎದ್ದು ಕೂರುತ್ತಾನೆ, ಮಾತಾಡುತ್ತಾನೆ, ಕೈಯಾಡಿಸುತ್ತಾನೆ. ತೂಗಿ ನೋಡುವ ಬುದ್ಧಿ ಮಾತ್ರ ಇನ್ನೂ ಹಾಸಿಗೆಯಲ್ಲೇ ಇರುತ್ತದೆ. ವರದಿ ಇದನ್ನು ಸ್ಲೀಪ್ ಇನರ್ಷಿಯಾ ಅನ್ನುತ್ತದೆ. ಕನ್ನಡಕ್ಕೆ ಆ ಪದ ಬೇಕಿಲ್ಲ, ನಿದ್ದೆಗಣ್ಣು ಅಂದರೆ ಸಾಕು.

ಹೀಗೆ ಎದ್ದವರ ಕೈಯಲ್ಲಿ, ಇಳಿಯುವ ಯೋಜನೆ ಇಬ್ಬರೂ ಸರಿಯಾಗಿ ಕೂತು ಮಾತಾಡಿಕೊಳ್ಳದೆಯೇ, ವಿಮಾನ ಎತ್ತರ ಕಳೆದುಕೊಳ್ಳಲು ಹೆಣಗುತ್ತಿತ್ತು. ರೆಕ್ಕೆಯ ಮೇಲಿನ ಸ್ಪೀಡ್ ಬ್ರೇಕ್ ಎತ್ತಿದ್ದಾಯಿತು, ಇನ್ನೂ 8,500 ಅಡಿಯಲ್ಲಿರುವಾಗಲೇ ಗಾಲಿ ಇಳಿಸಿದ್ದಾಯಿತು. ಆದರೂ ರನ್‌ವೇಯ ನೇರಕ್ಕೆ ಬಂದಾಗ ಇರಬೇಕಾದ ಎತ್ತರದ ಸುಮಾರು ಎರಡು ಪಟ್ಟು ಮೇಲಿತ್ತು. ಅಷ್ಟು ಮೇಲಿಂದ ಬಂದವರಿಗೆ ಇಳಿಜಾರು ತೋರಿಸುವ ರೇಡಿಯೊ ಕಿರಣವೂ ಸುಳ್ಳು ಹೇಳುತ್ತದೆ. ನಿಜವಾದ ಕಿರಣದ ಮೇಲೆ ಅದರ ನೆರಳಿನಂಥ ಇನ್ನೊಂದು ಇರುತ್ತದೆ, ವಿಮಾನ ಅದನ್ನೇ ಹಿಡಿದುಕೊಂಡಿತು.

ರನ್‌ವೇ ನೇರ ಕಾಲಬುಡದಲ್ಲಿದೆ ಎಂದು ಮೊದಲು ಅರಿತವರು ಅಹ್ಲುವಾಲಿಯಾ. ತೀರ ಎತ್ತರದಲ್ಲಿದ್ದೇವೆ ಎಂದರು. ಕ್ಯಾಪ್ಟನ್ ದೇವರನ್ನು ಕರೆದರು, ಆಟೋಪೈಲಟ್ ಬಿಡಿಸಿ ಮೂಗನ್ನು ಕೆಳಕ್ಕೆ ಚುಚ್ಚಿದರು. ನಿಮಿಷಕ್ಕೆ ಸುಮಾರು 4,000 ಅಡಿಯಂತೆ ವಿಮಾನ ಬೀಳತೊಡಗಿತು. ಸಾಮಾನ್ಯವಾಗಿ ಇಳಿಯುವ ವೇಗದ ನಾಲ್ಕೈದು ಪಟ್ಟು. ‘ಗೋ ಅರೌಂಡ್’ ಅಂದರು ಸಹಪೈಲಟ್. ಇಳಿಯುವುದು ಬಿಟ್ಟು ಮೇಲೆದ್ದು ಒಂದು ಸುತ್ತು ಹಾಕಿ ಬರೋಣ, ಅಷ್ಟೆ. ವಿಮಾನಯಾನದಲ್ಲಿ ಇದಕ್ಕಿಂತ ಸಾದಾ, ಇದಕ್ಕಿಂತ ಮರ್ಯಾದೆಯ ಪರಿಹಾರ ಇನ್ನೊಂದಿಲ್ಲ. ಕ್ಯಾಪ್ಟನ್ ಕೇಳಲಿಲ್ಲ. ನೆಲ ಹತ್ತಿರವಾಗುತ್ತಿದೆ, ಮೇಲೆತ್ತು, ಮೇಲೆತ್ತು ಎಂದು ಯಂತ್ರವೂ ಕೂಗತೊಡಗಿತು. ಅಪ್ರೋಚ್ ಕೆಟ್ಟಿದೆ ಎಂದು ಸಹಪೈಲಟ್ ಮತ್ತೆ ಎಚ್ಚರಿಸಿದರು.

ಅದೇ ಹೊತ್ತಿಗೆ ಟವರಿನಿಂದ ಪ್ರಶ್ನೆ ಬಂತು: ರನ್‌ವೇಯ ನೇರಕ್ಕೆ, ಸರಿಯಾದ ದಾರಿಗೆ ಬಂದು ಸೇರಿದಿರಾ?

ಉತ್ತರ ಕೊಡಬೇಕಾದವರು ರೇಡಿಯೊ ಹಿಡಿದ ಅಹ್ಲುವಾಲಿಯಾ. ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅರೆನಿಮಿಷದ ಹಿಂದಷ್ಟೇ ಬಾಯಿಬಿಟ್ಟು ಹೇಳಿದ್ದರು. ಹೌದು ಅನ್ನುವಂತೆ ಕ್ಯಾಪ್ಟನ್ ಒತ್ತಿ ಹೇಳಿದರು. ಅಹ್ಲುವಾಲಿಯಾ ಹೇಳಿದರು: ‘ಅಫರ್ಮೇಟಿವ್.’ ಟವರ್ ಇಳಿಯಲು ಅನುಮತಿ ಕೊಟ್ಟಿತು, ಗಾಳಿ ಇಲ್ಲವೆಂದೂ ತಿಳಿಸಿತು.

ನಿದ್ದೆಗಣ್ಣಿನವನ ಹೂಂ ಅನ್ನು ಎಚ್ಚರವಿದ್ದವನ ಬಾಯಿಂದ ಹೇಳಿಸಲಾಯಿತು. ನನಗೆ ಈ ಇಡೀ ದುರಂತದಲ್ಲಿ ಎದೆಗೆ ಚುಚ್ಚುವ ಗಳಿಗೆ ಇದೇ, ಬೆಂಕಿಯಲ್ಲ, ಕಣಿವೆಯಲ್ಲ. ಆ ಒಂದು ಮಾತಿನಲ್ಲಿ ‘ಇಲ್ಲ’ ಅಂದಿದ್ದರೆ ಟವರಿನವರು ವಿಮಾನವನ್ನು ಎತ್ತಿ ಹಿಡಿಯುತ್ತಿದ್ದರೆಂದಲ್ಲ. ಆದರೆ ಕಾಕ್‌ಪಿಟ್‌ನೊಳಗಿನ ಜಗಳಕ್ಕೆ ಹೊರಗಿನ ಮೂರನೆಯ ಸಾಕ್ಷಿ ಸಿಗುತ್ತಿತ್ತು. ಕತ್ತಲಲ್ಲಿ ಕೂತ ನಿಯಂತ್ರಕರಿಗೆ ಎಲ್ಲವೂ ಸುಸೂತ್ರ ಎಂದೇ ಕೇಳಿಸಿತು.

ರೇಡಿಯೊದ ಹೂಂ ಹಿಂದೆಯೂ ಜೀವ ತೆಗೆದಿದೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಡ್ಯೂಟಿ ಗಂಟೆ ಮೀರಿದರೆ ಹಾರುವಂತಿಲ್ಲವೆಂಬ ಆತಂಕದಲ್ಲಿದ್ದ ಡಚ್ ಕ್ಯಾಪ್ಟನ್ ಅನುಮತಿಯಿಲ್ಲದೆ ಓಡಿಸಿದರು. ಟವರಿನವರ ಬಾಯಿಂದ ಬಂದ ‘ಓಕೆ’ ಎಂಬ ಸಡಿಲ ಮಾತಷ್ಟೇ ಕಿವಿಗೆ ಬಿತ್ತು, ‘ತಡೆಯಿರಿ’ ಎಂಬುದು ಇನ್ನೊಂದು ವಿಮಾನದ ಮಾತಿಗೆ ಸಿಕ್ಕಿ ಕಿರುಚಾಟವಾಯಿತು. ನಮ್ಮಲ್ಲೇ 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಝಾಕ್ ವಿಮಾನಗಳು ಆಕಾಶದಲ್ಲೇ ಕೂಡಿ 349 ಜನ ಹೋದರು. 15,000 ಅಡಿಯಲ್ಲಿ ನಿಲ್ಲಬೇಕಾದ ವಿಮಾನ ಕೆಳಗಿಳಿದಿತ್ತು. ಎತ್ತರ ತೋರಿಸುವ ರಾಡಾರ್ ಆಗ ದೆಹಲಿಯಲ್ಲೂ ಇರಲಿಲ್ಲ. ಅಲ್ಲೂ ಪೈಲಟ್ ಹೇಳಿದ್ದೇ ಸತ್ಯ.

ಬಜ್ಪೆಗೆ ಬರೋಣ. ರನ್‌ವೇಯ ಹೊಸ್ತಿಲನ್ನು 50 ಅಡಿ ಎತ್ತರದಲ್ಲಿ ದಾಟಬೇಕಿದ್ದ ವಿಮಾನ 200 ಅಡಿಯಲ್ಲಿ ದಾಟಿತು. 144 ನಾಟ್ ಇರಬೇಕಾದ ವೇಗ 160 ಇತ್ತು. ಗಾಲಿ ಗಟ್ಟಿಯಾಗಿ ನೆಲಕ್ಕೆ ಕೂತಾಗ 5,200 ಅಡಿ ರನ್‌ವೇ ಹಿಂದೆ ಬಿದ್ದಿತ್ತು, ಮುಂದೆ ಉಳಿದದ್ದು 2,800. ಆಗಲೂ ಕಾಲೂರಿ ಬ್ರೇಕ್ ಒತ್ತಿ ಹಿಡಿದಿದ್ದರೆ ನಿಲ್ಲಬಹುದಿತ್ತೆಂದು ಆಮೇಲಿನ ಲೆಕ್ಕ ಹೇಳಿತು. ಕ್ಯಾಪ್ಟನ್ ಬ್ರೇಕ್ ಒತ್ತಿದರು, ಎಂಜಿನ್ನಿನ ಹಿಮ್ಮುಖ ಒತ್ತಡ ಹಾಕಿದರು. ಕೆಲವೇ ಕ್ಷಣದಲ್ಲಿ ಮನಸ್ಸು ಬದಲಿಸಿ ಮೇಲೇಳಲು ಹೊರಟರು. ಗೋ ಅರೌಂಡ್ ಅಂದಾಗ ಇಳಿಯುವ ಹಟ, ಇಳಿದ ಮೇಲೆ ಹಾರುವ ಹಟ. ರನ್‌ವೇ ಉಳಿದಿಲ್ಲ ಎಂದು ಸಹಪೈಲಟ್ ಹೇಳಿದ್ದು ಮುದ್ರಿಕೆಯಲ್ಲಿದೆ. ರನ್‌ವೇಯಾಚೆಗೆ ಮರಳಿನ ಪಟ್ಟಿ, ಅದರಾಚೆಗೆ ಕಾಂಕ್ರೀಟ್ ಕಟ್ಟೆಯ ಮೇಲೆ ನಿಲ್ಲಿಸಿದ ಆಂಟೆನಾ. ಬಲರೆಕ್ಕೆ ಅದಕ್ಕೆ ಬಡಿದು ಕಿತ್ತುಹೋಯಿತು, ವಿಮಾನ ಬೇಲಿ ಮುರಿದು ಕಣಿವೆಗೆ ಬಿತ್ತು, ಹೊತ್ತಿಕೊಂಡಿತು. 6 ಗಂಟೆ 5 ನಿಮಿಷ.

158 ಜನ ಸತ್ತರು. ಒಡಲು ಸೀಳಿದ ಬಿರುಕಿನಿಂದ ಹೊರಬಿದ್ದು ಬದುಕಿದವರು ಎಂಟೇ ಮಂದಿ. ಕೆಂಜಾರಿನ ಸುತ್ತಿನ ಹಳ್ಳಿಯವರು ಪೊದೆ ಇಳಿದು ಮೊದಲು ಓಡಿದರು. ಸುಟ್ಟ ದೇಹಗಳ ಗುರುತು ಹಿಡಿಯಲು ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆ ನಡೆಯಿತು. ಅದಾದ ಮೇಲೂ 12 ದೇಹಗಳಿಗೆ ಹೆಸರು ಸಿಗಲಿಲ್ಲ. ಅವನ್ನು ಫಲ್ಗುಣಿ ನದಿಯ ದಂಡೆಯಲ್ಲಿ ಒಟ್ಟಿಗೆ ಮಣ್ಣು ಮಾಡಿದರು.

ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯ ಮುಖ್ಯ ಕಾರಣವನ್ನು ಕ್ಯಾಪ್ಟನ್ನರ ಹಟದ ಮೇಲೆ ಹಾಕಿತು: ಮೂರು ಸಲ ಗೋ ಅರೌಂಡ್ ಅಂದರೂ ಕೇಳಲಿಲ್ಲ. ಅದರ ಹಿಂದಿನ ಕಾರಣಗಳಲ್ಲಿ ದೀರ್ಘ ನಿದ್ದೆ, ರಾಡಾರ್ ಇಲ್ಲದ್ದರಿಂದ ತಡವಾಗಿ ಸಿಕ್ಕ ಇಳಿಯುವ ಅನುಮತಿ, ಮತ್ತು ಸಹಪೈಲಟ್ ಕೈಯಿಟ್ಟು ವಿಮಾನ ವಹಿಸಿಕೊಳ್ಳಬಹುದೇ ಎಂಬುದರಲ್ಲಿ ನಿಯಮಗಳದೇ ಗೊಂದಲ. ಮೂರನೆಯದು ನನಗೆ ಮೊದಲಿನೆರಡಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹಿರಿಯನಿಗೆ ತಪ್ಪು ಎಂದು ಹೇಳುವುದನ್ನು ನಮ್ಮ ಸಮಾಜ ಅರೆಮನಸ್ಸಿನಿಂದ ಒಪ್ಪುತ್ತದೆ. ಹಿರಿಯನ ಕೈಯಿಂದ ಹಗ್ಗ ಕಿತ್ತುಕೊಳ್ಳುವುದನ್ನು ಒಪ್ಪುವುದಿಲ್ಲ.

ನರಗುಂದದವರಿಗೆ, ಎಚ್ಚರಿಕೆ ಕೇಳಿಯೂ ಮಲಗಿದವನ ಕತೆ ಹೊಸದಲ್ಲ. 1858ರ ಮೇ ಕೊನೆಯಲ್ಲಿ ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ರಾಮದುರ್ಗಕ್ಕೆ ಬಂದಾಗ, ನರಗುಂದದ ಬಾಬಾಸಾಹೇಬ ತಿರುಗಿಬಿದ್ದಿದ್ದಾನೆ, ಆ ಕಡೆ ಹಾಯಬೇಡಿ ಎಂದು ರಾಮದುರ್ಗದ ಅರಸ ಹೇಳಿದ್ದ. ಮ್ಯಾನ್ಸನ್ ಸುರೇಬಾನದಲ್ಲಿ ತಂಗಿ, ಪಲ್ಲಕ್ಕಿಯಲ್ಲೇ ನಿದ್ದೆಹೋದ. 29ರ ರಾತ್ರಿ ಬಾಬಾಸಾಹೇಬರ ಸವಾರರು ಮುತ್ತಿದರು. ಅವನ ತಲೆ ನರಗುಂದದ ಅಗಸಿಗೆ ಬಂತು. ಎರಡು ವಾರದೊಳಗೆ ಬಾಬಾಸಾಹೇಬರಿಗೂ ಬೆಳಗಾವಿಯಲ್ಲಿ ಗಲ್ಲಾಯಿತು. ಹೋಲಿಕೆ ಪೂರ್ತಿ ಕೂಡುವುದಿಲ್ಲ, ಬಲ್ಲೆ; ಅಲ್ಲಿ ಮಲಗಿದವನು ನಮಗೆ ವೈರಿ, ಮತ್ತು ಅವನ ಪಲ್ಲಕ್ಕಿಯಲ್ಲಿ 160 ಜನ ಕೂತಿರಲಿಲ್ಲ.

2011ರ ಆಗಸ್ಟ್‌ನಲ್ಲಿ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಪೈಲಟ್‌ಗಳ ದುಡಿಮೆ–ವಿರಾಮಕ್ಕೆ ಹೊಸ ನಿಯಮ ತಂದಿತು. ಆದರೂ 2020ರ ಆಗಸ್ಟ್ 7ರ ಸಂಜೆ, ಅದೇ ಕಂಪನಿಯ ಅದೇ ಬಗೆಯ ವಿಮಾನ, ದುಬೈನಿಂದಲೇ ಬಂದು, ಕೋಯಿಕ್ಕೋಡಿನ ಟೇಬಲ್‌ಟಾಪ್ ರನ್‌ವೇಯಲ್ಲಿ ಮಳೆಯ ನಡುವೆ ಅರ್ಧದಾಚೆ ಇಳಿದು ಕೆಳಕ್ಕೆ ಜಾರಿತು. 21 ಜನ ಸತ್ತರು. ವರದಿ ಓದಿದರೆ ಹಳೆಯದನ್ನೇ ತಿರುವಿ ಹಾಕಿದಂತಿದೆ: ಸಹಪೈಲಟ್ ಗೋ ಅರೌಂಡ್ ಅಂದಿದ್ದರು, ಕ್ಯಾಪ್ಟನ್ ಕೇಳಲಿಲ್ಲ, ಸಹಪೈಲಟ್ ವಿಮಾನ ವಹಿಸಿಕೊಳ್ಳಲಿಲ್ಲ. ಕ್ಯಾಪ್ಟನ್ನರಿಗೆ ಮರುದಿನ ಬೆಳಿಗ್ಗೆ ಅಲ್ಲಿಂದಲೇ ಇನ್ನೊಂದು ಹಾರಾಟವಿತ್ತು. ಆ ಚಿಂತೆಯೂ ಅವರ ತೀರ್ಮಾನದ ಮೇಲೆ ಕೂತಿತ್ತೆಂದು ವರದಿ ಹೇಳಿತು.

2024ರ ಜನವರಿಯಲ್ಲಿ ನಿಯಮ ಮತ್ತೆ ಬಿಗಿಯಾಯಿತು. ವಾರದ ವಿರಾಮ 36 ಗಂಟೆಯಿಂದ 48ಕ್ಕೆ ಏರಿತು, ರಾತ್ರಿ ಪಾಳಿಯಲ್ಲಿ ಇಳಿಯುವ ಸಂಖ್ಯೆ 6ರಿಂದ 2ಕ್ಕೆ ಇಳಿಯಿತು. ಕಂಪನಿಗಳ ತಕರಾರು, ಮುಂದೂಡಿಕೆ, ದೆಹಲಿ ಹೈಕೋರ್ಟಿನ ಮೆಟ್ಟಿಲು ಎಲ್ಲ ಆಗಿ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಕಂತಿನಲ್ಲಿ ಜಾರಿಗೆ ಬಂತು. ಡಿಸೆಂಬರ್ ಮೊದಲ ವಾರ ಇಂಡಿಗೊ ಕಂಪನಿಗೆ ಪೈಲಟ್‌ಗಳು ಸಾಲದೆ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು. ಸರ್ಕಾರ ಕೆಲವು ರಾತ್ರಿ ನಿಯಮಗಳಿಂದ ಆ ಕಂಪನಿಗೆ ತಾತ್ಕಾಲಿಕ ವಿನಾಯಿತಿ ಕೊಟ್ಟಿತು.

ಆ ಗದ್ದಲದ ಒಂದು ತುಣುಕು ನಮ್ಮ ಬಾಗಿಲಿಗೂ ಬಂತು. ರೋಣ, ನರಗುಂದ, ಗಜೇಂದ್ರಗಡದವರಿಗೆ ವಿಮಾನವೆಂದರೆ ಹುಬ್ಬಳ್ಳಿ. ಅಲ್ಲಿ ನಡೆಯಬೇಕಿದ್ದ ಒಂದು ಆರತಕ್ಷತೆಗೆ ಮದುಮಕ್ಕಳು ಭುವನೇಶ್ವರದಿಂದ ಬರಲಾಗಲಿಲ್ಲ. ಬಂಧುಬಳಗ ಸೇರಿಯಾಗಿತ್ತು, ಅಡುಗೆ ಆಗಿತ್ತು. ಅಲಂಕಾರದ ಕುರ್ಚಿಗಳಲ್ಲಿ ಹುಡುಗಿಯ ತಂದೆತಾಯಿ ಕೂತರು. ಮದುಮಕ್ಕಳು ಪರದೆಯ ಮೇಲೆ ಕಾಣಿಸಿಕೊಂಡರು. ದೇಶವೆಲ್ಲ ನಕ್ಕಿತು, ಮರುಗಿತು, ಪೈಲಟ್‌ಗಳ ವಿರಾಮಕ್ಕೆ ಇಷ್ಟೊಂದು ಬೆಲೆಯೇ ಎಂದು ಕೆಲವರು ಗೊಣಗಿದರು.

ಹೊಸ ನಿಯಮದಲ್ಲಿ ಇನ್ನೊಂದು ಸಣ್ಣ ತಿದ್ದುಪಡಿ ಇದೆ, ಸುದ್ದಿಯಲ್ಲಿ ಅಷ್ಟು ಕಾಣಲಿಲ್ಲ. ಮೊದಲು ಕಾಗದದ ಮೇಲಿನ ‘ರಾತ್ರಿ’ 12 ಗಂಟೆಗೆ ಶುರುವಾಗಿ 5ಕ್ಕೆ ಮುಗಿಯುತ್ತಿತ್ತು. ಈಗ ಅದು 6ರವರೆಗೆ. ಬಜ್ಪೆಯ ಗಡಿಯಾರದಲ್ಲಿ ಆಗ 6 ದಾಟಿ 5 ನಿಮಿಷವಾಗಿತ್ತು.